‘ಅಲ್’ ಎಂಬ ಎರಡಕ್ಷರ ಮತ್ತು ದರ್ಜಿಯ ಮಗ

ನಮ್ಮ ವಿಜ್ಞಾನ ವಿಭಾಗದ ಗೆಳೆಯರು ಗಣಿತದ ತರಗತಿಯಲ್ಲಿ ಆಲ್ಜೀಬ್ರಾ ಬಿಡಿಸುತ್ತಾರೆ. ರಸಾಯನಶಾಸ್ತ್ರದ ಲ್ಯಾಬಿಗೆ ಹೋದರೆ ಅಲ್ಲಿ ಆಲ್ಕಲಿ ಮತ್ತು ಆಲ್ಕೊಹಾಲ್ ಕಾದಿರುತ್ತವೆ. ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆ ಆಲ್ಗಾರಿದಮ್ ತಪ್ಪಿದ್ದಲ್ಲ. ಈ ನಾಲ್ಕೂ ಇಂಗ್ಲಿಷ್ ಪದಗಳು ಎ, ಎಲ್ ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತವೆ. ಮದರಸಾದಲ್ಲಿ ಅರಬಿ ಓದಿದವರಿಗೆ ಈ ಎರಡಕ್ಷರದ ಗುರುತು ಥಟ್ಟನೆ ಸಿಗುತ್ತದೆ. ಅರಬಿಯಲ್ಲಿ ನಾಮಪದದ ಮುಂದೆ ಬಂದು, ಇಂಗ್ಲಿಷಿನ ‘ದಿ’ ಮಾಡುವ ಕೆಲಸವನ್ನು ಮಾಡುವ ‘ಅಲ್’ ಇದೇ.

ಹಾಗಾದರೆ ಆಲ್ವೇಸ್, ಆಲ್ಬಂ, ಆಲ್ಫಾಬೆಟ್ ಎಂಬ ಪದಗಳೂ ಅರಬಿಯಿಂದ ಬಂದವೇ? ಅವೂ ಅದೇ ಎರಡಕ್ಷರದಿಂದ ಶುರುವಾಗುತ್ತವಲ್ಲ? ಇಲ್ಲ, ಅವುಗಳಿಗೂ ಅರಬಿಗೂ ನೆಂಟಸ್ತಿಕೆಯೇ ಇಲ್ಲ. ಅಕ್ಷರ ಒಂದೇ ಆದ ಮಾತ್ರಕ್ಕೆ ಮನೆತನ ಒಂದೇ ಆಗುವುದಿಲ್ಲ. ಯಾವ ಪದ ಯಾವ ಮನೆಯದು ಎಂದು ತಿಳಿಯಲು ಅಂದಾಜು ಸಾಲದು, ಸಾಕ್ಷ್ಯ ಬೇಕು. ಇಂಗ್ಲಿಷ್ ಭಾಷೆಯ ಪದ ಪದಕ್ಕೂ ಹೀಗೆ ಸಾಕ್ಷ್ಯ ಹುಡುಕುತ್ತಾ ತಮ್ಮ ಬದುಕಿನ ಕೊನೆಯ 36 ವರ್ಷಗಳನ್ನು ಕಳೆದವರು ಸರ್ ಜೇಮ್ಸ್ ಮರ್ರೆ. ಇಂದು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಎಂದು ಹೆಸರಾಗಿರುವ ಮಹಾನಿಘಂಟಿನ ಸಂಪಾದಕರು ಅವರು. ಬಡತನದಿಂದಾಗಿ 14ನೇ ವಯಸ್ಸಿಗೇ ಶಾಲೆ ಬಿಟ್ಟವರು ಅವರೆಂಬುದು ನಮ್ಮಂಥ ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿ.

ಹುಟ್ಟು ಮತ್ತು ಓದು

ಜೇಮ್ಸ್ ಮರ್ರೆ ಹುಟ್ಟಿದ್ದು 1837ರ ಫೆಬ್ರವರಿ 7ರಂದು, ಸ್ಕಾಟ್ಲೆಂಡಿನ ದಕ್ಷಿಣ ಗಡಿಗೆ ಹತ್ತಿರದ ಡೆನ್‌ಹಮ್ ಎಂಬ ಹಳ್ಳಿಯಲ್ಲಿ. ತಂದೆ ಥಾಮಸ್ ಮರ್ರೆ ಬಟ್ಟೆ ಹೊಲಿಯುವ ದರ್ಜಿ. ಮನೆಯಲ್ಲಿ ದೇವಭಕ್ತಿ ಇತ್ತು, ಶಿಸ್ತು ಇತ್ತು, ಹಣ ಇರಲಿಲ್ಲ. ಮಗನಿಗೆ ಓದಿನ ಹುಚ್ಚು. ಕಲ್ಲು, ಗಿಡ, ನಕ್ಷತ್ರ, ಹಳೆಯ ನಾಣ್ಯ, ಪರಭಾಷೆಯ ಲಿಪಿ, ಹೀಗೆ ಕಣ್ಣಿಗೆ ಬಿದ್ದದ್ದೆಲ್ಲ ಪಾಠವೇ. ಹಳ್ಳಿಯ ದನಗಳಿಗೆ ಲ್ಯಾಟಿನ್ ಭಾಷೆಯಲ್ಲಿ ಕರೆದರೆ ಬರುವಂತೆ ಕಲಿಸಲು ಹೊರಟಿದ್ದರೆಂದು ಅವರ ಬಗ್ಗೆ ಹೇಳುವುದುಂಟು.

ಆದರೆ ಶುಲ್ಕ ಕಟ್ಟುವ ಶಕ್ತಿ ಮನೆಯವರಿಗೆ ಇಲ್ಲದ್ದರಿಂದ 14ನೇ ವಯಸ್ಸಿಗೆ ಶಾಲೆ ನಿಂತಿತು. ಓದು ನಿಲ್ಲಲಿಲ್ಲ. ಸಿಕ್ಕಿದ ಪುಸ್ತಕಗಳಿಂದ ಒಂದರ ನಂತರ ಒಂದು ಭಾಷೆ ಕಲಿಯುತ್ತಾ ಹೋದರು. 17ನೇ ವಯಸ್ಸಿಗೆ ಹತ್ತಿರದ ಹಾಯಿಕ್ ಪಟ್ಟಣದ ಶಾಲೆಯಲ್ಲಿ ಸಹಾಯಕ ಶಿಕ್ಷಕರಾದರು. 20ನೇ ವಯಸ್ಸಿಗೆ ಅದೇ ಊರಿನ ಮತ್ತೊಂದು ಶಾಲೆಗೆ ಮುಖ್ಯೋಪಾಧ್ಯಾಯರಾದರು. ಮುಂದೆ ಟೆಲಿಫೋನಿನಿಂದ ಲೋಕಪ್ರಸಿದ್ಧರಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಸ್ನೇಹ ಬೆಳೆದದ್ದೂ ಈ ಯೌವನದ ದಿನಗಳಲ್ಲಿಯೇ.

ಸಂಕಟದ ವರ್ಷಗಳು

1862ರಲ್ಲಿ ಮರ್ರೆ ಅವರು ಮ್ಯಾಗಿ ಸ್ಕಾಟ್ ಎಂಬ ಸಂಗೀತ ಶಿಕ್ಷಕಿಯನ್ನು ಮದುವೆಯಾದರು. ಹುಟ್ಟಿದ ಹೆಣ್ಣುಮಗು ಹಸುಗೂಸಾಗಿದ್ದಾಗಲೇ ತೀರಿಕೊಂಡಿತು. ಪತ್ನಿಗೆ ಕ್ಷಯರೋಗ ತಗುಲಿತು. ಬೆಚ್ಚಗಿನ ಹವೆಯ ಫ್ರಾನ್ಸಿನ ದಕ್ಷಿಣಕ್ಕೆ ಕರೆದುಕೊಂಡು ಹೋಗಿ ಎಂದು ವೈದ್ಯರು ಸಲಹೆ ಕೊಟ್ಟರು. ಅದಕ್ಕೆ ಹಣವೆಲ್ಲಿಂದ ಬರಬೇಕು? ಶಿಕ್ಷಕ ವೃತ್ತಿ ಬಿಟ್ಟು, ಪತ್ನಿಯೊಂದಿಗೆ ಲಂಡನ್ನಿಗೆ ಬಂದು, ಚಾರ್ಟರ್ಡ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಗುಮಾಸ್ತರಾದರು. 1865ರಲ್ಲಿ ಮ್ಯಾಗಿಯೂ ತೀರಿಕೊಂಡರು. 28 ವರ್ಷದ ಮರ್ರೆ ಅವರ ಪಾಲಿಗೆ ಉಳಿದದ್ದು ಬ್ಯಾಂಕಿನ ಲೆಕ್ಕದ ಪುಸ್ತಕ ಮತ್ತು ರಾತ್ರಿಯ ಓದು.

1866ರಲ್ಲಿ ಅವರು ಬ್ರಿಟಿಷ್ ಮ್ಯೂಸಿಯಂನಲ್ಲಿ ಕೆಲಸ ಕೇಳಿ ಒಂದು ಅರ್ಜಿ ಬರೆದರು. ತಾವು ಬಲ್ಲ ಭಾಷೆಗಳನ್ನು ಅದರಲ್ಲಿ ಪಟ್ಟಿ ಮಾಡಿದ್ದರು. ಲ್ಯಾಟಿನ್, ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್, ಜರ್ಮನ್, ಡಚ್, ಹೀಬ್ರೂ, ಸಿರಿಯಕ್ ಎಂದು ಮುಂದುವರಿಯುವ ಆ ಪಟ್ಟಿಯಲ್ಲಿ, ಅಲ್ಪಸ್ವಲ್ಪ ಬಲ್ಲ ಭಾಷೆಗಳ ಸಾಲಿನಲ್ಲಿ ಅರಬಿಯೂ ಇತ್ತು. ಕಾಲೇಜಿನ ಮೆಟ್ಟಿಲು ಹತ್ತದ ಗುಮಾಸ್ತನ ಅರ್ಜಿ ಅದು. ಕೆಲಸ ಸಿಗಲಿಲ್ಲ.

1867ರಲ್ಲಿ ಏಡಾ ರುತ್ವೆನ್ ಅವರೊಂದಿಗೆ ಮರುಮದುವೆಯಾಯಿತು. ಈ ದಂಪತಿಗೆ 11 ಮಕ್ಕಳು. 1870ರಲ್ಲಿ ಲಂಡನ್ನಿನ ಹೊರವಲಯದ ಮಿಲ್ ಹಿಲ್ ಶಾಲೆಯಲ್ಲಿ ಮತ್ತೆ ಶಿಕ್ಷಕರಾದರು. ಪಾಠ ಮಾಡುತ್ತಲೇ ಲಂಡನ್ ವಿಶ್ವವಿದ್ಯಾಲಯದ ಪರೀಕ್ಷೆ ಕಟ್ಟಿ 1873ರಲ್ಲಿ ಬಿ.ಎ. ಪಡೆದಾಗ ಅವರಿಗೆ 36 ವರ್ಷ. ಅದೇ ವರ್ಷ ದಕ್ಷಿಣ ಸ್ಕಾಟ್ಲೆಂಡಿನ ಆಡುಮಾತಿನ ಬಗ್ಗೆ ಅವರ ಗ್ರಂಥ ಪ್ರಕಟವಾಯಿತು. ಹಳ್ಳಿಯವರ ಒರಟು ಮಾತು ಎಂದು ಜನ ತಳ್ಳಿಹಾಕುತ್ತಿದ್ದ ತಮ್ಮ ತಾಯ್ನುಡಿಯನ್ನೇ ಅವರು ಶಾಸ್ತ್ರದ ವಿಷಯವನ್ನಾಗಿ ಮಾಡಿದ್ದರು. ವಿದ್ವಾಂಸರ ಕಣ್ಣು ಅವರ ಮೇಲೆ ಬಿತ್ತು.

ಗೋಣಿಚೀಲದೊಳಗಿನ ಭಾಷೆ

ಲಂಡನ್ನಿನ ಫಿಲಲಾಜಿಕಲ್ ಸೊಸೈಟಿ ಎಂಬ ಭಾಷಾ ವಿದ್ವಾಂಸರ ಸಂಘವು 1857ರಲ್ಲಿ ಒಂದು ಹೊಸ ಬಗೆಯ ನಿಘಂಟಿನ ಯೋಜನೆಗೆ ಕೈಹಾಕಿತ್ತು. ಇಂಗ್ಲಿಷಿನ ಪ್ರತಿ ಪದವೂ ಯಾವಾಗ ಬರಹದಲ್ಲಿ ಕಾಣಿಸಿತು, ಅದರ ಅರ್ಥ ಹೇಗೆ ಹೇಗೆ ಬದಲಾಯಿತು ಎಂಬುದನ್ನು ಪುಸ್ತಕಗಳ ವಾಕ್ಯಗಳ ಸಮೇತ ತೋರಿಸಬೇಕು ಎಂಬುದು ಗುರಿ. ಮೊದಲ ಸಂಪಾದಕ ಹರ್ಬರ್ಟ್ ಕೋಲ್‌ರಿಜ್ 1861ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಹೋದರು. ಅನಂತರ ಬಂದ ಫರ್ನಿವಾಲ್ ಉತ್ಸಾಹಿಗಳಾಗಿದ್ದರೂ ಕೆಲಸ ಕುಂಟುತ್ತಾ ಸಾಗಿತು. ಕೊನೆಗೆ 1879ರ ಮಾರ್ಚ್ 1ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದೊಂದಿಗೆ ಒಪ್ಪಂದವಾಗಿ, ಸಂಪಾದಕತ್ವ ಮರ್ರೆ ಅವರ ಹೆಗಲಿಗೆ ಬಂತು. ನಾಲ್ಕು ಸಂಪುಟ, ಹತ್ತು ವರ್ಷ ಎಂಬುದು ಲೆಕ್ಕಾಚಾರ.

ಹಿಂದಿನವರು ಸಂಗ್ರಹಿಸಿದ್ದ ಚೀಟಿಗಳು ಟನ್ನುಗಟ್ಟಲೆ ಬಂದವು, ಗೋಣಿಚೀಲಗಳಲ್ಲಿ. ಒಂದು ಚೀಲದಲ್ಲಿ ಸತ್ತ ಇಲಿ ಇತ್ತು. ಇನ್ನೊಂದರಲ್ಲಿ ಜೀವಂತ ಇಲಿಯೊಂದು ಸಂಸಾರ ಹೂಡಿತ್ತು. ‘ಎಚ್’ ಅಕ್ಷರದ ಚೀಟಿಗಳೆಲ್ಲ ದೂರದ ಇಟಲಿಯ ಫ್ಲಾರೆನ್ಸ್ ನಗರದಲ್ಲಿದ್ದವು. ‘ಪಿ, ಎ’ ಎಂದು ಆರಂಭವಾಗುವ ಪದಗಳ ಚೀಟಿಗಳು ಐರ್ಲೆಂಡಿನ ಒಂದು ಕುದುರೆ ಲಾಯದಲ್ಲಿ ಸಿಕ್ಕಿದವು. ಅವುಗಳಲ್ಲಿ ಬಹುಪಾಲು ಬೆಂಕಿ ಹೊತ್ತಿಸಲು ಖರ್ಚಾಗಿಹೋಗಿತ್ತು.

ಮರ್ರೆ ಶಾಲೆಯ ಆವರಣದಲ್ಲಿ ತಗಡಿನ ಶೆಡ್ಡೊಂದನ್ನು ಕಟ್ಟಿಸಿ ಅದಕ್ಕೆ ಸ್ಕ್ರಿಪ್ಟೋರಿಯಂ, ಅಂದರೆ ಬರಹದ ಕೋಣೆ, ಎಂದು ಹೆಸರಿಟ್ಟರು. ಗೋಡೆಗೆ 1,029 ಪುಟ್ಟ ಗೂಡುಗಳ ಕಪಾಟು. ಇಂಗ್ಲಿಷ್ ಓದುವ ಜನರಿಗೆಲ್ಲ ಒಂದು ಮನವಿ ಅಚ್ಚು ಹಾಕಿಸಿ ಹಂಚಿದರು: ಪುಸ್ತಕ ಓದಿ, ಗಮನಸೆಳೆದ ಪದವನ್ನು ಚೀಟಿಯ ಎಡ ಮೂಲೆಯಲ್ಲಿ ಬರೆಯಿರಿ, ಅದು ಬಂದ ವಾಕ್ಯ, ಲೇಖಕರ ಹೆಸರು, ಪುಸ್ತಕ, ವರ್ಷ, ಪುಟ ಎಲ್ಲವನ್ನೂ ನಮೂದಿಸಿ ಕಳುಹಿಸಿ. ಹೀಗೆ ನೂರಾರು ಜನ ಸಂಬಳವಿಲ್ಲದೆ ಚೀಟಿ ಬರೆದು ಕಳಿಸಿದರು. ಒಮ್ಮೆ ಬನಾರಸ್ಸಿನಲ್ಲಿ ಸಂಸ್ಕೃತ ಪಾಠ ಮಾಡಿದ್ದ ಫಿಟ್ಜ್‌ಎಡ್ವರ್ಡ್ ಹಾಲ್ ಅವರಲ್ಲಿ ಒಬ್ಬರು. ಮಾನಸಿಕ ಕಾಯಿಲೆಯ ಸ್ಥಿತಿಯಲ್ಲಿ ಕೊಲೆ ಮಾಡಿ, ಬ್ರಾಡ್‌ಮೂರ್ ಎಂಬಲ್ಲಿ ಬಂಧಿಯಾಗಿದ್ದ ಅಮೆರಿಕದ ಸೇನಾ ವೈದ್ಯ ವಿಲಿಯಂ ಮೈನರ್ ಇನ್ನೊಬ್ಬರು. ಅವರು ತಮ್ಮ ಕೋಣೆಯಿಂದಲೇ ಸಾವಿರಾರು ಚೀಟಿಗಳನ್ನು ಕಳಿಸಿದರು. ಮರ್ರೆ ಅವರನ್ನು ಅಲ್ಲಿಗೇ ಹೋಗಿ ಭೇಟಿಯಾಗಿ, ಗೆಳೆಯರಂತೆ ನಡೆಸಿಕೊಂಡರು.

ಹದೀಸ್ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮೊದಲು ಅದರ ಸನದನ್ನು, ಅಂದರೆ ಯಾರಿಂದ ಯಾರಿಗೆ ಬಂತು ಎಂಬ ಸರಪಳಿಯನ್ನು, ಪರಿಶೀಲಿಸುತ್ತಿದ್ದರೆಂದು ನಾವು ಓದಿದ್ದೇವೆ. ಆ ಪವಿತ್ರ ಕಾರ್ಯದ ಸ್ಥಾನವೇ ಬೇರೆ. ಆದರೂ ಮರ್ರೆ ಅವರ ಚೀಟಿಯ ಹಿಂದಿದ್ದ ಮನೋಭಾವ ನಮಗೆ ಅಪರಿಚಿತವಲ್ಲ. ಹೇಳಿದವರು ಯಾರು, ಎಲ್ಲಿ, ಯಾವಾಗ ಎಂಬುದು ಗೊತ್ತಿಲ್ಲದ ಅರ್ಥಕ್ಕೆ ಅವರ ನಿಘಂಟಿನಲ್ಲಿ ಜಾಗವಿರಲಿಲ್ಲ.

ಮೊದಲ ಕಂತು: ಎ ಯಿಂದ ಆಂಟ್‌ವರೆಗೆ

ಐದು ವರ್ಷ ದುಡಿದ ಮೇಲೆ 1884ರಲ್ಲಿ ನಿಘಂಟಿನ ಮೊದಲ ಕಂತು ಹೊರಬಂತು. 352 ಪುಟಗಳು. ‘ಎ’ ಅಕ್ಷರದಿಂದ ಹೊರಟು ‘ಆಂಟ್’ವರೆಗೆ, ಅಂದರೆ ಇರುವೆಯವರೆಗೆ, ತಲುಪಿತ್ತು. ಹತ್ತು ವರ್ಷದ ಗಡುವಿನಲ್ಲಿ ಅರ್ಧ ಮುಗಿದಾಗ ಮೊದಲ ಅಕ್ಷರವೂ ಪೂರ್ತಿಯಾಗಿರಲಿಲ್ಲ! ಆದರೆ ನಾವು ಆರಂಭದಲ್ಲಿ ನೋಡಿದ ‘ಅಲ್’ ಪದಗಳೆಲ್ಲ ಅಕಾರಾದಿ ಕ್ರಮದಲ್ಲಿ ಈ ಮೊದಲ ಕಂತಿಗೇ ಸೇರಿದವು. ಅವುಗಳ ಮೂಲ ಮತ್ತು ಅರ್ಥಗಳನ್ನು ಇಲ್ಲಿ ಕೊಡುತ್ತಿದ್ದೇವೆ. ಗೆಳೆಯರು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಬಹುದು.

ಆಲ್ಜೀಬ್ರಾ: ಬೀಜಗಣಿತ. ಅರಬಿಯ ‘ಅಲ್-ಜಬ್ರ್’ ಎಂದರೆ ಮುರಿದದ್ದನ್ನು ಮತ್ತೆ ಕೂಡಿಸುವುದು. 9ನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಗಣಿತಜ್ಞ ಅಲ್-ಖ್ವಾರಿಝ್ಮಿ ಅವರ ಗ್ರಂಥದ ಹೆಸರಿನಿಂದ ಈ ಪದ ಯುರೋಪಿಗೆ ಹೋಯಿತು. ಹಿಂದೆ ಇಂಗ್ಲಿಷಿನಲ್ಲಿ ಮುರಿದ ಮೂಳೆ ಕೂಡಿಸುವುದಕ್ಕೂ ಆಲ್ಜೀಬ್ರಾ ಎನ್ನುತ್ತಿದ್ದರು.

ಆಲ್ಗಾರಿದಮ್: ಲೆಕ್ಕವನ್ನು ಹಂತ ಹಂತವಾಗಿ ಬಿಡಿಸುವ ಕ್ರಮ. ಇದು ಅದೇ ಅಲ್-ಖ್ವಾರಿಝ್ಮಿಯವರ ಹೆಸರೇ, ಲ್ಯಾಟಿನ್ ಬಾಯಲ್ಲಿ ರೂಪ ಬದಲಿಸಿಕೊಂಡದ್ದು. ಒಬ್ಬ ಮನುಷ್ಯನ ಊರಿನ ಹೆಸರು ಇಂದು ಪ್ರತಿ ಮೊಬೈಲಿನೊಳಗೆ ಕೆಲಸ ಮಾಡುತ್ತಿದೆ!

ಆಲ್ಕಲಿ: ಪ್ರತ್ಯಾಮ್ಲ, ಕ್ಷಾರ. ‘ಅಲ್-ಖಲಿ’ ಎಂದರೆ ಉಪ್ಪುನೆಲದ ಗಿಡಗಳನ್ನು ಸುಟ್ಟಾಗ ಸಿಗುವ ಬೂದಿ. ಸಾಬೂನು, ಗಾಜು ತಯಾರಿಸಲು ಇದು ಬೇಕಾಗುತ್ತಿತ್ತು. ಪೊಟ್ಯಾಸಿಯಂ ಧಾತುವಿಗೆ ‘ಕೆ’ ಎಂಬ ಸಂಕೇತ ಬಂದದ್ದೂ ಈ ಪದದಿಂದ ಹುಟ್ಟಿದ ‘ಕೇಲಿಯಂ’ ಎಂಬ ಹೆಸರಿನಿಂದ.

ಆಲ್ಕೊಹಾಲ್: ‘ಅಲ್-ಕುಹ್ಲ್’ ಎಂದರೆ ಕಣ್ಣಿಗೆ ಹಚ್ಚುವ ಸುರ್ಮಾ, ಅದರ ನುಣುಪಾದ ಪುಡಿ. ಮೊದಲು ಯಾವುದೇ ನುಣ್ಣನೆಯ ಪುಡಿಗೆ, ಆಮೇಲೆ ಬಟ್ಟಿ ಇಳಿಸಿ ತೆಗೆದ ಸಾರಕ್ಕೆ, ಕೊನೆಗೆ ಮದ್ಯಸಾರಕ್ಕೆ ಈ ಹೆಸರು ಬಂತು. ಕಣ್ಣಿನ ಅಲಂಕಾರ ಬಾಟಲಿಗೆ ಇಳಿದ ಈ ಕಥೆಯನ್ನು ಮುದ್ರಿಸಿದ ಮರ್ರೆ ಅವರು ಸ್ವತಃ ಮದ್ಯ ಮುಟ್ಟದವರು.

ಆಲ್ಕೆಮಿ: ಲೋಹವನ್ನು ಚಿನ್ನವಾಗಿಸಲು ಹೊರಟ ಹಳೆಯ ರಸವಿದ್ಯೆ. ‘ಅಲ್-ಕೀಮಿಯಾ’ದಿಂದ ಬಂದದ್ದು. ಅರಬರು ಈ ಪದವನ್ನು ಗ್ರೀಕಿನಿಂದ ಪಡೆದು ತಮ್ಮ ‘ಅಲ್’ ಸೇರಿಸಿದರು. ಆ ‘ಅಲ್’ ಉದುರಿ ಉಳಿದದ್ದೇ ನಮ್ಮ ಕೆಮಿಸ್ಟ್ರಿ.

ಆಲ್ಕೋವ್: ಕೋಣೆಯಲ್ಲಿ ಗೋಡೆ ಒಳಸರಿದು ಉಂಟಾದ ಪುಟ್ಟ ಜಾಗ. ಮೂಲ ‘ಅಲ್-ಖುಬ್ಬಾ’, ಅಂದರೆ ಗುಮ್ಮಟ. ಸ್ಪೇನ್, ಫ್ರಾನ್ಸ್ ದಾಟಿ ಇಂಗ್ಲೆಂಡಿಗೆ ಬರುವಷ್ಟರಲ್ಲಿ ಗುಮ್ಮಟ ಗೋಡೆಯ ಮೂಲೆಗೆ ಸರಿದಿತ್ತು.

ಅಡ್ಮಿರಲ್: ನೌಕಾಪಡೆಯ ಮುಖ್ಯಸ್ಥ. ಇಲ್ಲಿ ‘ಅಲ್’ ಕೊನೆಯಲ್ಲಿದೆ. ‘ಅಮೀರ್-ಅಲ್’, ಅಂದರೆ ಇಂಥದ್ದರ ಒಡೆಯ ಎಂಬಲ್ಲಿಗೆ ಮಾತು ತುಂಡಾಗಿ ಪದವಾಯಿತು. ನಡುವೆ ನುಸುಳಿದ ‘ಡಿ’ ಅಕ್ಷರ ಲ್ಯಾಟಿನ್ ಪದವೊಂದರ ಗೊಂದಲದಿಂದ ಬಂದದ್ದು.

ಇನ್ನು ವೇಷ ಒಂದೇ ಆದರೂ ಮನೆ ಬೇರೆಯಾದ ಪದಗಳು. ಆಲ್ಫಾಬೆಟ್ ಎಂದರೆ ಅಕ್ಷರಮಾಲೆ. ಗ್ರೀಕಿನ ಮೊದಲೆರಡು ಅಕ್ಷರಗಳಾದ ಆಲ್ಫಾ, ಬೀಟಾ ಸೇರಿ ಆದದ್ದು. ಆಲ್ಬಂ ಲ್ಯಾಟಿನ್ ಪದ. ಮೂಲಾರ್ಥ ಬಿಳಿ, ಬರೆಯಲು ಇಟ್ಟ ಬಿಳಿಯ ಹಲಗೆ. ಏಲಿಯನ್ ಕೂಡ ಲ್ಯಾಟಿನ್, ಹೊರಗಿನವನು, ಪರಕೀಯ. ಆಲ್ವೇಸ್ (ಯಾವಾಗಲೂ), ಆಲ್ಸೋ (ಕೂಡ), ಆಲ್ಮೋಸ್ಟ್ (ಬಹುಮಟ್ಟಿಗೆ) ಅಪ್ಪಟ ಇಂಗ್ಲಿಷ್ ಪದಗಳು. ‘ಎಲ್ಲ’ ಎಂಬ ಅರ್ಥದ ‘ಆಲ್’ನಿಂದ ಹುಟ್ಟಿದವು. ಇವುಗಳಲ್ಲಿ ಒಂದೇ ‘ಎಲ್’ ಬರೆಯಬೇಕೆಂಬುದನ್ನು ಪರೀಕ್ಷೆಯಲ್ಲಿ ಮರೆಯಬಾರದು. ಎಲ್ಲಕ್ಕಿಂತ ಸ್ವಾರಸ್ಯದ್ದು ಆಲ್ಮಂಡ್, ಅಂದರೆ ಬಾದಾಮಿ. ಅದರ ಮೂಲ ಗ್ರೀಕ್. ಮೂಲದಲ್ಲಿ ‘ಎಲ್’ ಆ ಜಾಗದಲ್ಲಿ ಇರಲೇ ಇಲ್ಲ. ಅರಬಿ ಪದಗಳ ಸಹವಾಸದಿಂದ ಅದಕ್ಕೂ ‘ಅಲ್’ ಅಂಟಿಕೊಂಡಿರಬೇಕೆಂದು ವಿದ್ವಾಂಸರ ಅಭಿಪ್ರಾಯ.

ಅಕ್ಷರ ನೋಡಿ ತೀರ್ಮಾನಿಸಿದ್ದರೆ ಬಾದಾಮಿಯನ್ನು ಅರಬಿ ಎಂದೂ, ಅಡ್ಮಿರಲನ್ನು ಅಪ್ಪಟ ಇಂಗ್ಲಿಷ್ ಎಂದೂ ಬರೆದುಬಿಡುತ್ತಿದ್ದೆವು. ಮರ್ರೆ ಅವರ ಚೀಟಿಗಳು ಕೆಲಸಕ್ಕೆ ಬರುತ್ತಿದ್ದದ್ದು ಇಂಥಲ್ಲಿ.

ಆಕ್ಸ್‌ಫರ್ಡಿನ ಮೂವತ್ತು ವರ್ಷ

1885ರಲ್ಲಿ ಮರ್ರೆ ಶಾಲೆಯ ಕೆಲಸ ಬಿಟ್ಟು ಕುಟುಂಬ ಸಮೇತ ಆಕ್ಸ್‌ಫರ್ಡಿಗೆ ಬಂದರು. ಬ್ಯಾನ್‌ಬರಿ ರಸ್ತೆಯ ಮನೆಯ ತೋಟದಲ್ಲಿ ಹೊಸ ತಗಡಿನ ಶೆಡ್ಡು ಎದ್ದಿತು. ನೋಟಕ್ಕೆ ಅಡ್ಡವಾಗುತ್ತದೆಂದು ನೆರೆಮನೆಯವರು ಆಕ್ಷೇಪಿಸಿದ್ದರಿಂದ ಅದನ್ನು ನೆಲದ ಮಟ್ಟದಿಂದ ಕೆಳಗಿಳಿಸಿ ಕಟ್ಟಬೇಕಾಯಿತು. ಒಳಗೆ ಸದಾ ತೇವ, ಚಳಿಗಾಲದಲ್ಲಿ ಕೊರೆತ. ಅಲ್ಲಿ ಕೂತು ಮರ್ರೆ ಪದೇ ಪದೇ ಕಾಯಿಲೆ ಬಿದ್ದರು. ಬರುವ ಹೋಗುವ ಪತ್ರಗಳು ಎಷ್ಟಿದ್ದವೆಂದರೆ ಅಂಚೆ ಇಲಾಖೆ ಅವರ ಮನೆಯ ಮುಂದೆಯೇ ಒಂದು ಅಂಚೆಪೆಟ್ಟಿಗೆ ನೆಟ್ಟಿತು. ಮಕ್ಕಳೆಲ್ಲ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿ ಕೈಖರ್ಚಿನ ಕಾಸು ಸಂಪಾದಿಸುತ್ತಿದ್ದರು.

ಹತ್ತು ವರ್ಷದ ಗಡುವು ಮೀರಿತು. ಕೆಲಸ ಬೇಗ ಮುಗಿಸಿ, ಉದಾಹರಣೆಗಳನ್ನು ಕಡಿಮೆ ಮಾಡಿ ಎಂದು ಮುದ್ರಣಾಲಯದ ಆಡಳಿತ ಒತ್ತಡ ಹೇರಿತು. ಮರ್ರೆ ರಾಜೀನಾಮೆಯ ಮಾತನ್ನೂ ಆಡಿದರೇ ಹೊರತು ಸಾಕ್ಷ್ಯವಿಲ್ಲದ ಪುಟ ಅಚ್ಚಿಗೆ ಕೊಡಲು ಒಪ್ಪಲಿಲ್ಲ. ಕೆಲಸ ಹಂಚಿಕೊಳ್ಳಲು ಹೆನ್ರಿ ಬ್ರಾಡ್ಲಿ, ಅನಂತರ ವಿಲಿಯಂ ಕ್ರೇಗಿ ಮತ್ತು ಚಾರ್ಲ್ಸ್ ಆನಿಯನ್ಸ್ ಸಂಪಾದಕರಾಗಿ ಬಂದರು.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಒಂದು ಪದ ಕೈಜಾರಿತು. ‘ಬಿ’ ಅಕ್ಷರದ ಭಾಗ ಅಚ್ಚಾದ ನಂತರ ‘ಬಾಂಡ್‌ಮೇಡ್’ ಎಂಬ ಪದದ ಚೀಟಿಗಳು ಎಲ್ಲೋ ಕಳೆದುಹೋಗಿ, ಪದವೇ ಬಿಟ್ಟುಹೋದದ್ದು ತಿಳಿಯಿತು. ಆ ಪದದ ಅರ್ಥ ಗುಲಾಮ ಹೆಂಗಸು. ಬದುಕಿನಲ್ಲಿ ಯಾರ ಲೆಕ್ಕಕ್ಕೂ ಬರದಿದ್ದವಳು ನಿಘಂಟಿನಲ್ಲೂ ಲೆಕ್ಕ ತಪ್ಪಿದಳು. ಲೋಪವಾದದ್ದನ್ನು ಮರ್ರೆ ಮುಚ್ಚಿಡಲಿಲ್ಲ. 1933ರ ಪುರವಣಿಯಲ್ಲಿ ಆ ಪದಕ್ಕೆ ಅದರ ಜಾಗ ಸಿಕ್ಕಿತು.

1908ರಲ್ಲಿ ಮರ್ರೆ ಅವರಿಗೆ ಸರ್ ಪದವಿ ಬಂತು. ಬೇರೆ ವಿಶ್ವವಿದ್ಯಾಲಯಗಳು ಎಂದೋ ಗೌರವ ಡಾಕ್ಟರೇಟ್ ಕೊಟ್ಟಿದ್ದವು. ಮೂವತ್ತು ವರ್ಷ ದುಡಿಸಿಕೊಂಡ ಆಕ್ಸ್‌ಫರ್ಡ್ ಅದನ್ನು ಕೊಟ್ಟದ್ದು 1914ರಲ್ಲಿ, ಅವರು ತೀರಿಕೊಳ್ಳುವ ಹಿಂದಿನ ವರ್ಷ.

ತಮ್ಮ 80ನೇ ಹುಟ್ಟುಹಬ್ಬದ ಹೊತ್ತಿಗೆ ನಿಘಂಟನ್ನು ಮುಗಿಸಬೇಕೆಂಬುದು ಅವರ ಆಸೆಯಾಗಿತ್ತು. ಕ್ಯಾನ್ಸರಿನ ಚಿಕಿತ್ಸೆ ಪಡೆಯುತ್ತಲೇ ದಿನವೂ ಚೀಟಿಗಳ ಮುಂದೆ ಕೂರುತ್ತಿದ್ದರು. 1915ರ ಜುಲೈ 26ರಂದು, 78ನೇ ವಯಸ್ಸಿನಲ್ಲಿ, ‘ಟಿ’ ಅಕ್ಷರದ ಕೆಲಸ ನಡೆದಿರುವಾಗಲೇ ತೀರಿಕೊಂಡರು. ನಿಘಂಟು ಪೂರ್ಣವಾದದ್ದು 1928ರ ಏಪ್ರಿಲ್‌ನಲ್ಲಿ. ಅಂದುಕೊಂಡಿದ್ದ ನಾಲ್ಕು ಸಂಪುಟ ಹತ್ತಾಗಿತ್ತು, ಹತ್ತು ವರ್ಷ ಐವತ್ತರ ಹತ್ತಿರ ಬಂದಿತ್ತು. 4,14,825 ಪದಗಳು, 18 ಲಕ್ಷಕ್ಕೂ ಹೆಚ್ಚು ಉದಾಹರಣೆಗಳು. ಅದರಲ್ಲಿ ಸುಮಾರು ಅರ್ಧದಷ್ಟನ್ನು ಸಂಪಾದಿಸಿದವರು ಶುಲ್ಕ ಕಟ್ಟಲಾಗದೆ ಶಾಲೆ ಬಿಟ್ಟಿದ್ದ ದರ್ಜಿಯ ಮಗ. ಮುಗಿದ ನಿಘಂಟನ್ನು ನೋಡುವುದು ಅವರ ಪಾಲಿಗಿರಲಿಲ್ಲ.

ನಮಗೇನು ಪಾಠ?

ಪರೀಕ್ಷೆ ಹತ್ತಿರ ಬಂದಾಗ ನಾವು ಇಂಗ್ಲಿಷ್ ಪದಗಳ ಪಟ್ಟಿ ಹಿಡಿದು ಉರು ಹೊಡೆಯುತ್ತೇವೆ. ಪರೀಕ್ಷೆ ಮುಗಿದ ವಾರಕ್ಕೆ ಅದರಲ್ಲಿ ಅರ್ಧ ಮರೆತಿರುತ್ತದೆ. ಒಂದೇ ಅಕ್ಷರದಿಂದ ಶುರುವಾಗುವ ಹತ್ತು ಪದಗಳನ್ನು ಮುಂದಿಟ್ಟುಕೊಂಡು, ಇದರ ಮನೆ ಯಾವುದು, ಇದು ಯಾರ ಜೊತೆ ಬಂತು ಎಂದು ನಿಘಂಟಿನಲ್ಲಿ ಹುಡುಕಿದರೆ ಆ ಪದಗಳು ಮರೆಯುವುದಿಲ್ಲ. ಸುರ್ಮಾ ಗೊತ್ತಿದ್ದವರಿಗೆ ಆಲ್ಕೊಹಾಲ್ ಪದದ ಮೂಲ ಮತ್ತೆ ಹೇಳಿಕೊಡಬೇಕಿಲ್ಲ.

ಇಂಗ್ಲಿಷ್ ನಮ್ಮದಲ್ಲ, ಅದು ದೊಡ್ಡ ಕಾನ್ವೆಂಟುಗಳಲ್ಲಿ ಓದಿದವರ ಸ್ವತ್ತು ಎಂಬ ಅಳುಕು ಕನ್ನಡ, ಉರ್ದು ಮಾಧ್ಯಮದಿಂದ ಬಂದ ನಮ್ಮಲ್ಲಿ ಅನೇಕರಿಗೆ ಇದೆ. ಆ ಭಾಷೆಯ ಅತಿ ದೊಡ್ಡ ನಿಘಂಟಿನ ಮೊದಲ ಕಂತನ್ನು ತೆರೆದರೆ ಬಗ್ದಾದಿನ ಗಣಿತಜ್ಞನೊಬ್ಬನ ಹೆಸರು ಸಿಗುತ್ತದೆ, ಅಜ್ಜಿಯ ಸುರ್ಮಾದ ಭರಣಿ ಸಿಗುತ್ತದೆ, ಮಸೀದಿಯ ಖುಬ್ಬಾ ಸಿಗುತ್ತದೆ. ಅದನ್ನು ಜೋಡಿಸಿಟ್ಟವರೂ ಸಿರಿವಂತರ ಮನೆಯವರಲ್ಲ, ಹಳ್ಳಿಯ ಮಾತನ್ನು ತಾಯ್ನುಡಿಯಾಗಿ ಪಡೆದವರು. ನಮ್ಮ ಕಾಲೇಜಿನ ಗ್ರಂಥಾಲಯದ ಕಪಾಟಿನಲ್ಲಿರುವ ನಿಘಂಟನ್ನು ಈ ವಾರ ಒಮ್ಮೆ ಕೈಗೆತ್ತಿಕೊಳ್ಳೋಣ. ‘ಎ’ ಅಕ್ಷರದಿಂದಲೇ ಶುರುಮಾಡೋಣ, ಇರುವೆಯವರೆಗಾದರೂ ಹೋಗೋಣ.